ಖಾಲಿ ವೇದಿಕೆಯಲ್ಲಿ ನನ್ನದೇ ಹಳೆಯ ದನಿ

ಎರಡು ವರ್ಷದ ಹಿಂದಿನ ಮಾತು. ನವೆಂಬರ್ ತಿಂಗಳು. ನಮ್ಮ ಮುಂಬಯಿ ಕಡೆ ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯುವ ಹಬ್ಬವಲ್ಲ. ಯಾವ ಭಾನುವಾರ ಸಭಾಗೃಹ ಸಿಗುತ್ತದೋ ಆ ಭಾನುವಾರವೇ ರಾಜ್ಯೋತ್ಸವ. ಆ ವರ್ಷ ನವಿ ಮುಂಬಯಿಯ ಸಂಘವೊಂದಕ್ಕೆ ನೆರೂಲಿನಲ್ಲಿ ತಿಂಗಳ ಕೊನೆಯ ಭಾನುವಾರ ಸಿಕ್ಕಿತ್ತು. ಹಾಡುವುದಕ್ಕೆ ನಮ್ಮ ತಂಡವನ್ನು ಕರೆದಿದ್ದರು.

ನಮ್ಮ ತಂಡವೆಂದರೆ ಡೊಂಬಿವಲಿ, ಕಲ್ಯಾಣದ ಕನ್ನಡದವರ ಒಂದು ಸಣ್ಣ ಆರ್ಕೆಸ್ಟ್ರಾ. ಹೊಟ್ಟೆಪಾಡಿಗೆ ಎಲ್ಲರಿಗೂ ಬೇರೆ ಬೇರೆ ಕೆಲಸವಿದೆ. ಕೀಬೋರ್ಡ್ ನುಡಿಸುವ ಜಯರಾಮಣ್ಣ ಬ್ಯಾಂಕಿನಲ್ಲಿದ್ದಾರೆ, ತಂಡದ ಯಜಮಾನಿಕೆಯೂ ಅವರದೇ. ನಾನು ಡೊಂಬಿವಲಿ ಎಂಐಡಿಸಿಯ ವಸತಿ ಭಾಗದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಗಂಡ ಥಾಣೆಯ ಮಾಜಿವಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗಳು ಹುಟ್ಟುವುದಕ್ಕೂ ಮೊದಲಿನಿಂದ ಈ ತಂಡದಲ್ಲಿ ಹಾಡುವ ಹೆಂಗಸು ನಾನೊಬ್ಬಳೇ. ಸೌಂಡ್ ನೋಡಿಕೊಳ್ಳುವವನು ಸಿದ್ದರಾಮ. ಕಲಬುರಗಿ ಕಡೆಯವನು, ಥಾಣೆ ಪಕ್ಕದ ಕಳವಾದಲ್ಲಿ ಹೆಂಡತಿ ಮಕ್ಕಳೊಂದಿಗೆ ಒಂದು ಖೋಲಿಯಲ್ಲಿದ್ದಾನೆ. ಆ ಖೋಲಿಯ ಅರ್ಧ ಜಾಗ ಸ್ಪೀಕರುಗಳದ್ದು.

ನನಗೊಂದು ಅಭ್ಯಾಸವಿದೆ. ಎರಡು ಚರಣಗಳ ನಡುವೆ ವಾದ್ಯ ನುಡಿಯುವಾಗ ನನಗೆ ಸುಮ್ಮನೆ ನಿಲ್ಲುವುದಕ್ಕೆ ಆಗುವುದಿಲ್ಲ. ಸಭೆಯಲ್ಲಿ ಕುಳಿತವರನ್ನು ಅವರವರ ಏರಿಯಾದ ಹೆಸರು ಹಿಡಿದು ಮಾತಾಡಿಸುತ್ತೇನೆ, ಚಪ್ಪಾಳೆ ಹೊಡೆಸುತ್ತೇನೆ. ನನ್ನ ಗಂಡ ಇದನ್ನು ಬಸ್ ಕಂಡಕ್ಟರ್ ಕೆಲಸ ಎನ್ನುತ್ತಾರೆ. ಜನರಿಗೆ ಇಷ್ಟವಾಗುತ್ತದೆ, ನನಗೂ ಇಷ್ಟ.

ಆ ವರ್ಷದ ಬೇಸಿಗೆಯಲ್ಲಿ ನನಗೆ ಥೈರಾಯ್ಡ್ ಆಪರೇಷನ್ ಆಯಿತು. ಕತ್ತಿನಲ್ಲಿ ಗಂಟು ಬೆಳೆದಿತ್ತು, ತೆಗೆಯದೆ ಬೇರೆ ದಾರಿ ಇರಲಿಲ್ಲ. ದನಿಯ ನರ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ, ಅದು ನಾಜೂಕು, ಸ್ವಲ್ಪ ಸಮಯ ದನಿ ಬದಲಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಂಟು ಕೆಟ್ಟದ್ದಲ್ಲ ಎಂದು ತಿಳಿದಾಗ ಮನೆಯವರೆಲ್ಲ ದೇವರಿಗೆ ಕೈ ಮುಗಿದರು. ನಾನೂ ಮುಗಿದೆ. ಆದರೆ ಮನೆಗೆ ಬಂದು ಬಚ್ಚಲಲ್ಲಿ ಮೆಲ್ಲಗೆ ಒಂದು ಸಾಲು ಹಾಡಿ ನೋಡಿದಾಗ ಬಂದದ್ದು ಯಾರದೋ ದನಿ. ದಪ್ಪ, ಒಣಕಲು, ಮೇಲಿನ ಸ್ವರಕ್ಕೆ ಹೋದರೆ ಎರಡಾಗಿ ಸೀಳುತ್ತಿತ್ತು.

ತಿಂಗಳುಗಳು ಕಳೆದವು. ಸ್ವಲ್ಪ ಸುಧಾರಿಸಿತು, ಆಮೇಲೆ ಅಲ್ಲಿಗೇ ನಿಂತಿತು. ಡಾಕ್ಟರು ಹಾಡಿ, ಹಾಡಿದಷ್ಟೂ ಒಳ್ಳೆಯದು ಎಂದರು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು "ಮಮ್ಮಿ, ಅಚ್ಛಾ ಹೀ ತೋ ಹೈ", ಚೆನ್ನಾಗಿಯೇ ಇದೆಯಲ್ಲ ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಿದ್ದಳು. ಜಯರಾಮಣ್ಣ ಒಳ್ಳೆಯವರು, ಏನೂ ಕೇಳದೆ ನನ್ನ ಹಾಡುಗಳ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದರು. ರಿಹರ್ಸಲ್ಲಿನಲ್ಲಿ ಯಾರೂ ತಪ್ಪು ಹಿಡಿಯಲಿಲ್ಲ. ಯಾರಾದರೂ ಒಬ್ಬರು ಚೆನ್ನಾಗಿಲ್ಲ ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎಲ್ಲರೂ "ಆಯ್ತು, ಆಯ್ತು" ಎನ್ನುವುದನ್ನು ನೋಡಿ ನನಗೆ ಇನ್ನೂ ಕಳವಳ.

ನೆರೂಲಿನದು ಆಪರೇಷನ್ ಆದ ಮೇಲೆ ನನ್ನ ಮೊದಲ ಕಾರ್ಯಕ್ರಮ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಎರಡೆರಡು ಸಲ ಕಪಾಟು ಒರೆಸಿದೆ, ಬೇಡದ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಮಡಿಸಿಟ್ಟೆ. ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನದ ಮೇಲೆ. ನಾನು ತಿಂಡಿ ತಿಂದವಳೇ ಹೊರಟುಬಿಟ್ಟೆ. ಹಳಿ ರಿಪೇರಿಗೆಂದು ಗಾಡಿ ತಡೆಯುವ ಭಾನುವಾರದ ಮೆಗಾ ಬ್ಲಾಕ್ ಬೇರೆ ಇತ್ತು. ಲೋಕಲ್ ಗಾಡಿಯ ಗೊಡವೆಯೇ ಬೇಡವೆಂದು ಶೀಲ್‌ಫಾಟಾ ಮೇಲೆ ರಸ್ತೆ ಹಿಡಿದೆ. ನನ್ನ ಲೆಕ್ಕಾಚಾರ ಏನೆಂದರೆ, ಯಾರೂ ಬರುವ ಮೊದಲು ಆ ಖಾಲಿ ಸಭಾಗೃಹದಲ್ಲಿ ಮೈಕ್ ಹಿಡಿದು ಒಬ್ಬಳೇ ಒಂದು ಸಲ ಹಾಡಿ ನೋಡಬೇಕು. ಕೆಟ್ಟದಾಗಿದ್ದರೆ ಸಿದ್ದರಾಮನಿಗೆ ಮಾತ್ರ ಗೊತ್ತಾಗಲಿ.

ಸಭಾಗೃಹದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ನನ್ನ ಕಾಲು ಅಲ್ಲೇ ನಿಂತಿತು.

ಒಳಗೆ ನಾನು ಹಾಡುತ್ತಿದ್ದೆ.

ವೇದಿಕೆಯ ಮೇಲೆ ಒಂದು ನರಪಿಳ್ಳೆ ಇಲ್ಲ. ಮೈಕುಗಳು ಸ್ಟ್ಯಾಂಡಿನ ಮೇಲೆ ಸುಮ್ಮನೆ ನಿಂತಿವೆ. ಢೋಲಕ್ ಇಡುವ ಜಾಗದಲ್ಲಿ ಬರೀ ಜಮಖಾನೆ. ಆದರೆ ಢೋಲಕ್ ಕೇಳುತ್ತಿದೆ, ಕೀಬೋರ್ಡ್ ಕೇಳುತ್ತಿದೆ, ಎಲ್ಲಕ್ಕಿಂತ ಮೇಲೆ ನನ್ನ ದನಿ. ಹಳೆಯ ದನಿ. ಮೇಲಿನ ಸ್ವರಕ್ಕೆ ಒಂದಿಷ್ಟೂ ಕಷ್ಟವಿಲ್ಲದೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಆರಾಮವಾಗಿ ಕೆಳಗಿಳಿದು ಬರುತ್ತಿತ್ತು. ನನಗೆ ಅಳು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ನನ್ನ ಮೇಲೆಯೇ ಹೊಟ್ಟೆಕಿಚ್ಚು.

ಸಭಾಗೃಹದ ಹಿಂಭಾಗದಲ್ಲಿ ಮಿಕ್ಸರ್ ಇಟ್ಟುಕೊಂಡು ಕುಳಿತಿದ್ದ ಸಿದ್ದರಾಮ ನನ್ನನ್ನು ನೋಡಿ ಕೈ ಎತ್ತಿದ.

"ಅಕ್ಕಾರ, ಇಷ್ಟ್ ಲಗೂನ ಬಂದ್ರೇನ್ರಿ?"

"ಇದೆಂತ ಮಾಡ್ತಾ ಇದ್ದಿ ನೀನು?" ಎಂದೆ.

"ಸೌಂಡ್ ಚೆಕ್ ರೀ. ಹೋದ ವರ್ಷ ಕಲ್ಯಾಣದಾಗ ಪ್ರೋಗ್ರಾಮ್ ಮಾಡಿದ್ರಲ್ಲ, ಅವಾಗ ಒಂದೊಂದು ಮೈಕಿಂದೂ ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿ ಇಟ್ಟಿದ್ದೆ. ಈಗ ಅದನ್ನ ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಬಿಟ್ಟೀನಿ. ವೇದಿಕಿ ಮ್ಯಾಲ ಮಂದಿ ಅದಾರೋ ಇಲ್ಲೋ ಮಿಕ್ಸರಿಗೆ ಏನ್ ಗೊತ್ತಾಗ್ತದ್ರಿ? ನಿಮ್ಮನ್ನ ತಾಸಗಟ್ಲೆ ನಿಂದ್ರಿಸಿ 'ಹಲೋ ಹಲೋ' ಅನಸೂದು ಬ್ಯಾಡ. ನೀವು ಬರೋದ್ರಾಗ ಎಲ್ಲಾ ಸೆಟ್ ಮಾಡಿ ಇಡ್ತೀನಿ."

ಹೊಸ ಮಿಕ್ಸರ್ ತಂದಾಗಿನಿಂದ ಅವನಿಗೆ ಇದೊಂದು ಖಯಾಲಿ. ಪ್ರತಿ ಸಭಾಗೃಹದ ಗುಣ ಬೇರೆ ಇರುತ್ತದಂತೆ, ಒಂದರಲ್ಲಿ ಢೋಲಕ್ ಗುಡುಗುತ್ತದೆ, ಇನ್ನೊಂದರಲ್ಲಿ ದನಿ ಮಂಕಾಗುತ್ತದೆ. ನಾವಿಲ್ಲದೆಯೇ ನಮ್ಮ ಹಳೆಯ ರೆಕಾರ್ಡಿಂಗ್ ಬಿಟ್ಟು ಅವನು ಅದನ್ನೆಲ್ಲ ಸರಿಮಾಡಿಕೊಳ್ಳುತ್ತಾನೆ. ಪಲ್ಲವಿ, ಮೊದಲ ಚರಣ ಆದ ಕೂಡಲೇ ಮತ್ತೆ ಹಿಂದಕ್ಕೆ ತಿರುಗಿಸುತ್ತಾನೆ. ಅಷ್ಟು ಭಾಗವನ್ನು ಅವತ್ತು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲ ಮೇಲಿನ ಸ್ವರ ಬರುವಾಗ ನನ್ನ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು.

"ಸಾಕು ಮಾರಾಯ, ನಿಲ್ಲಿಸು. ನಾನು ಹಾಡಿ ನೋಡ್ತೇನೆ" ಎಂದು ವೇದಿಕೆ ಹತ್ತಿದೆ.

ಅವನು ಮಿಕ್ಸರಿನಲ್ಲಿ ಏನೋ ಒತ್ತಿದ. ಹಾಗೆ ಒತ್ತಿದರೆ ನನ್ನ ಜಾಗಕ್ಕೆ ಲ್ಯಾಪ್‌ಟಾಪಿನ ದನಿ ಬರುವುದು ನಿಂತು ಮೈಕಿನ ದನಿ ಬರುತ್ತದೆ. ನಾನು ಹಾಡಿದೆ. ಆ ದೊಡ್ಡ ಸಭಾಗೃಹದಲ್ಲಿ ನನ್ನ ದನಿ ಎಲ್ಲಿ ಹೋಯಿತೆಂದು ನನಗೇ ತಿಳಿಯಲಿಲ್ಲ. ಸಿದ್ದರಾಮ ತಲೆ ಕೆರೆದುಕೊಂಡ.

"ಅಕ್ಕಾರ, ಜರಾ ಜೋರ್ ಬರಲ್ರಿ. ಹೋದ ವರ್ಷದಂಗ."

ಅವನದೇನೂ ತಪ್ಪಿಲ್ಲ. ಹಳೆಯ ದನಿಗೆ ಹೊಂದಿಸಿಟ್ಟದ್ದು ಹೊಸ ದನಿಗೆ ಹೊಂದಲಿಲ್ಲ, ಅಷ್ಟೇ. ಆದರೆ ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತಿಲ್ಲ. "ಹೋದ ವರ್ಷದಂಗೆ ಬೇಕಿದ್ರೆ ಹೋದ ವರ್ಷದವಳನ್ನೇ ಕರ್ಕೊಂಡು ಬಾ!" ಎಂದು ಮೈಕನ್ನು ಸ್ಟ್ಯಾಂಡಿಗೆ ಕುಕ್ಕಿ ಇಳಿದುಬಂದೆ.

ಮಧ್ಯಾಹ್ನವಾಯಿತು. ಊಟ ಸೇರಲಿಲ್ಲ. ಗ್ರೀನ್ ರೂಮಿನಿಂದ ಬಾಗಿಲಿಗೆ, ಬಾಗಿಲಿನಿಂದ ಗ್ರೀನ್ ರೂಮಿಗೆ ಓಡಾಡಿದೆ. ಜಯರಾಮಣ್ಣ ಕೀಬೋರ್ಡ್ ಹೇರಿಕೊಂಡು ಟೆಂಪೋದಲ್ಲಿ ಬಂದಿಳಿದರು. ಢೋಲಕ್, ಗಿಟಾರಿನವರು ಲೋಕಲ್ ಗಾಡಿಯಲ್ಲಿ ಹೊರಟವರು ಬ್ಲಾಕಿಗೆ ಸಿಕ್ಕಿ ದಿವಾ ಮತ್ತು ಮುಂಬ್ರಾದ ನಡುವೆ ಕುಳಿತಿದ್ದಾರೆ ಎಂದು ಫೋನು ಬಂತು. ಗಾಡಿ ಅಲ್ಲಾಡುತ್ತಿಲ್ಲವಂತೆ. ಇತ್ತ ಮುಖ್ಯ ಅತಿಥಿಗಳು ಹೇಳಿದ್ದಕ್ಕಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅವರಿಗೆ ವಾಶಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು.

ಸಂಘದ ಕಾರ್ಯದರ್ಶಿ ವಿಠಲಣ್ಣ ನಮ್ಮ ಉಡುಪಿ ಕಡೆಯವರು, ಹೋಟೆಲ್ ನಡೆಸುವವರು. ಹೊಸ ರೇಷ್ಮೆ ಜುಬ್ಬಾ ಹಾಕಿದ್ದರು. ಬೆವರಿ ಅದು ಬೆನ್ನಿಗೆ ಅಂಟಿತ್ತು.

"ಸುಮತಿ, ಎಂತ ಮಾಡುದು ಈಗ? ಹಾಡಿನಿಂದಲೇ ಸುರು ಅಂತ ಕಾಗದದಲ್ಲಿ ಪ್ರಿಂಟ್ ಮಾಡಿ ಆಗಿದೆ. ಢೋಲಕ್ ಇಲ್ಲದೆ ಹಾಡುದಕ್ಕೆ ಆಗ್ತದಾ?"

"ಕೀಬೋರ್ಡ್ ಒಂದರಲ್ಲಿ ಹಾಡಬಹುದು" ಎಂದರು ಜಯರಾಮಣ್ಣ.

ವಿಠಲಣ್ಣ ನನ್ನ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅಲ್ಲ, ಬೆಳಿಗ್ಗೆ ನಾನು ಕುರ್ಚಿ ಹಾಕಿಸ್ಲಿಕ್ಕೆ ಬಂದಾಗ ಸಿದ್ದರಾಮ ಒಂದು ರೆಕಾರ್ಡಿಂಗ್ ಹಾಕಿದ್ನಲ್ಲ. ಎಷ್ಟು ಲಾಯ್ಕ ಇತ್ತು ಮಾರಾಯ್ರೆ! ಢೋಲಕೂ ಉಂಟು, ನಿಮ್ಮ ಸ್ವರವೂ ಉಂಟು. ಮೊದಲನೇ ಹಾಡು ಅದನ್ನೇ ಹಾಕುವ. ನೀವು ಬಾಯಿ ಆಡಿಸಿದ್ರೆ ಸಾಕು. ಈಗ ಎಲ್ಲ ಕಡೆ ಹಾಗೇ ಅಲ್ವಾ? ಯಾರಿಗೆ ಗೊತ್ತಾಗ್ತದೆ?" ಎಂದರು.

ನಾನು ಬೈಯಬೇಕಿತ್ತು. ಬೇರೆ ದಿನವಾಗಿದ್ದರೆ ಅವರ ಜುಬ್ಬಾದ ಗುಂಡಿ ಉದುರುವಂತೆ ಬೈಯುತ್ತಿದ್ದೆ. ಆದರೆ ಆ ಮಾತು ಕೇಳಿದ ಕ್ಷಣ ನನ್ನ ಎದೆ ಹಗುರಾಯಿತು, ಅದು ನಿಜ. ಮೇಲಿನ ಸ್ವರ ಬರುತ್ತದೋ ಇಲ್ಲವೋ ಎಂಬ ಭಯ ಇಲ್ಲ. ಸಾವಿರ ಕಣ್ಣುಗಳ ಮುಂದೆ ದನಿ ಸೀಳುವ ಭಯ ಇಲ್ಲ. ಜಯರಾಮಣ್ಣನ ಕಡೆ ತಿರುಗಿದೆ.

"ನಿನ್ನಿಷ್ಟ ಮಾರಾಯ್ತಿ" ಎಂದರು. ಅವರ ಮುಖ ಸಪ್ಪಗಾಗಿತ್ತು.

"ಒಂದೇ ಹಾಡಲ್ವಾ ಜಯರಾಮಣ್ಣ" ಎಂದೆ.

"ಹೌದು, ಒಂದೇ ಹಾಡು" ಎಂದು ಕೀಬೋರ್ಡಿನ ವೈರು ಬಿಡಿಸತೊಡಗಿದರು.

ಢೋಲಕ್ ಕೇಳಿಸುವಾಗ ಢೋಲಕಿನ ಹಿಂದೆ ಯಾರಾದರೂ ಇರಬೇಕಲ್ಲ. ಬೇರೆ ಯಾರೂ ಒಪ್ಪದೆ ಕೊನೆಗೆ ವಿಠಲಣ್ಣನೇ ಕುಳಿತರು. ಭಜನೆಯ ಮಕ್ಕಳದ್ದೊಂದು ಢೋಲಕ್ ಸಿಕ್ಕಿತು. ಜಮಖಾನೆಯ ಮೇಲೆ ಜುಬ್ಬಾ ಹರಡಿಕೊಂಡು, ಆ ಢೋಲಕನ್ನು ಮಗುವನ್ನು ಮಲಗಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತ ಅವರನ್ನು ನೋಡಿ ಇನ್ನೊಂದು ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸಿದ್ದರಾಮನಿಗೆ ಹೇಳಿ ಕಳಿಸಿದೆವು. ಅವನು ದೂರದಿಂದ ಹೆಬ್ಬೆರಳು ತೋರಿಸಿದ. ಪರದೆ ಸರಿಯಿತು.

ಸಭಾಗೃಹ ತುಂಬಿತ್ತು. ಊರು ಬಿಟ್ಟು ಬಂದ ಎಲ್ಲ ಬಗೆಯ ಕನ್ನಡದವರೂ ಅಲ್ಲಿದ್ದರು. ಮುಂದೆ ಹೋಟೆಲಿನ ಯಜಮಾನರುಗಳು, ಮಧ್ಯದಲ್ಲಿ ಆಫೀಸಿನವರು, ಹಿಂದೆ ಕಟ್ಟಡ ಕೆಲಸದ ಕಲಬುರಗಿ, ವಿಜಯಪುರದ ಮಂದಿ. ಅವರ ಮಕ್ಕಳದ್ದು ಅವತ್ತು ಒಂದು ಗುಂಪು ನೃತ್ಯ ಇತ್ತು, ಹಾಗಾಗಿ ಮನೆಮಂದಿಯೆಲ್ಲ ಬಂದಿದ್ದರು.

ಹಾಡು ಶುರುವಾಯಿತು. ನಾನು ಬಾಯಿ ಆಡಿಸಿದೆ. ಇಷ್ಟು ವರ್ಷ ಹಾಡಿದ ಹಾಡು, ಎಲ್ಲಿ ಉಸಿರು ಎಳೆಯುತ್ತೇನೆ ಎನ್ನುವುದು ಕೂಡ ಗೊತ್ತು, ಒಂದಕ್ಷರವೂ ತಪ್ಪಲಿಲ್ಲ. ಮೇಲಿನ ಸ್ವರ ಬಂದಾಗ ಕಣ್ಣು ಮುಚ್ಚಿ ಕೈ ಎತ್ತಿದೆ. ಸಭೆಯಲ್ಲಿ ಯಾರೋ "ವಾಹ್" ಎಂದರು, ಚಪ್ಪಾಳೆ ಬಿತ್ತು. ಬೆಳಗಿನಿಂದ ಇದ್ದ ತಳಮಳ ಇಳಿಯಬೇಕಿತ್ತು. ಇಳಿಯಲಿಲ್ಲ, ಬೇರೆ ಜಾಗ ಹಿಡಿದು ಕುಳಿತಿತು. ಇವತ್ತು ಹೀಗೆ ಪಾರಾದರೆ ಮುಂದಿನ ಸಲವೂ ಹೀಗೆಯೇ ಎನ್ನುತ್ತಾರೆ. ನಾನೂ ಬೇಡ ಎನ್ನುವುದಿಲ್ಲ. ಆಮೇಲೆ ಈ ಬಾಯಿ ಬರೀ ಆಡಿಸುವುದಕ್ಕೇ ಸೈ. ನಾನು ಇನ್ನು ಯಾವತ್ತೂ ಜನರ ಮುಂದೆ ಹಾಡುವುದಿಲ್ಲ ಎಂದು ಆ ಚಪ್ಪಾಳೆಯ ಮಧ್ಯೆ ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಮೊದಲ ಚರಣ ಮುಗಿಯಿತು. ನಡುವಿನ ವಾದ್ಯ ಶುರುವಾಯಿತು. ನಾನು ಬಾಯಿ ಮುಚ್ಚಿ, ಮೈಕನ್ನು ಕೆಳಗಿಳಿಸಿ, ಮುಖದ ಮೇಲೊಂದು ನಗೆ ಇಟ್ಟುಕೊಂಡು ನಿಂತೆ.

ಆಗ ಸ್ಪೀಕರಿನಿಂದ ನನ್ನ ದನಿ ಭರ್ಜರಿಯಾಗಿ ಕೂಗಿತು: "ಕಲ್ಯಾಣದವರೇ! ಎಲ್ಲಿ ನಿಮ್ಮ ಚಪ್ಪಾಳೆ? ಕೋಳ್‌ಸೇವಾಡಿಯವರು ಏನು, ಊಟ ಮಾಡಿ ಮಲಗಿಯೇಬಿಟ್ಟಿರಾ?"

ನೆರೂಲಿನಲ್ಲಿ, ಮುಚ್ಚಿದ ಬಾಯಿಯಲ್ಲಿ, ನಾನು ಕಲ್ಯಾಣದವರನ್ನು ಕೂಗುತ್ತಿದ್ದೆ.

ಸಿದ್ದರಾಮ ಬೆಳಗಿನಿಂದ ಮೊದಲ ಚರಣದವರೆಗೆ ಮಾತ್ರ ಹಾಕಿ ಹಾಕಿ ನೋಡಿದ್ದ. ಅದರಾಚೆ ಏನಿದೆ ಎಂದು ಅವನಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಒಂದು ಕ್ಷಣ ಸಭೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗೆ ಸಾಲಿನಿಂದ ಸಾಲಿಗೆ ಮುಂದೆ ಬಂತು. ಸಿಳ್ಳೆ ಬಿತ್ತು. "ಕೋಳ್‌ಸೇವಾಡಿ ಉಠೋ ರೇ!" ಎಂದು ಒಬ್ಬ ಕೂಗಿದ. ಮುಖ್ಯ ಅತಿಥಿಗಳು ಪಕ್ಕದವರ ಕಿವಿಯಲ್ಲಿ ಏನೋ ಕೇಳುತ್ತಿದ್ದರು. ಜಯರಾಮಣ್ಣ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ವಿಠಲಣ್ಣನಿಗೆ ಮಾತ್ರ ಇನ್ನೂ ವಿಷಯ ತಲೆಗೆ ಹೋಗಿರಲಿಲ್ಲ, ಕಣ್ಣು ಮುಚ್ಚಿ ತಲೆ ತೂಗುತ್ತ ಢೋಲಕ್ ಬಾರಿಸುತ್ತಲೇ ಇದ್ದರು.

ಎರಡನೇ ಚರಣ ಬಂತು. ನಾನು ಬಾಯಿ ತೆರೆಯಲಿಲ್ಲ. ದನಿ ನನ್ನ ಹಂಗಿಲ್ಲದೆ ಹಾಡಿಕೊಂಡು ಹೋಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಕೇಳಿದ್ದೆ, ಅವತ್ತು ಅನುಭವಿಸಿದೆ. ಒಳಗೆ ಓಡಿಹೋಗಲು ಒಂದು ಕಾಲು ತೆಗೆದಿದ್ದೆ ಕೂಡ. ಯಾಕೆ ಓಡಲಿಲ್ಲ ಎಂದರೆ ಧೈರ್ಯದಿಂದಲ್ಲ. ಓಡಿದ್ದರೂ ಆ ದನಿ ಅಲ್ಲಿ ಹಾಡುತ್ತಲೇ ಇರುತ್ತಿತ್ತಲ್ಲ, ಅದಕ್ಕೆ ನಾನು ಬೇಕಾಗಿಯೇ ಇರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಎರಡೂ ಕೈ ಎತ್ತಿ ಸಿದ್ದರಾಮನಿಗೆ ನಿಲ್ಲಿಸು ಎಂದು ಸನ್ನೆ ಮಾಡಿದೆ.

ಅವನು ಗಾಬರಿಯಲ್ಲಿ ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡಿದ. ವಿಠಲಣ್ಣನ ಢೋಲಕಿನ ನಿಜವಾದ ಎರಡು ಪೆಟ್ಟು ಟಪ್ ಟಪ್ ಎಂದು ಕೇಳಿ ಅದೂ ನಿಂತಿತು. ಜನ ಇನ್ನೂ ಜೋರಾಗಿ ನಕ್ಕರು.

ನಾನು ಮೈಕ್ ಎತ್ತಿ, "ಕ್ಷಮಿಸಬೇಕು" ಎಂದೆ. ದನಿ ಬರಲಿಲ್ಲ. ಮಿಕ್ಸರಿನಲ್ಲಿ ನನ್ನ ಜಾಗಕ್ಕೆ ಇನ್ನೂ ಲ್ಯಾಪ್‌ಟಾಪೇ ಜೋಡಿಸಿತ್ತು. ನನ್ನ ಮೈಕಿಗೆ ಜೀವವೇ ಇರಲಿಲ್ಲ. ವೇದಿಕೆಯ ಅಂಚಿಗೆ ಬಂದು ಬರಿ ಬಾಯಲ್ಲಿ ಕೂಗಿದೆ.

"ಅದು ಹೋದ ವರ್ಷ ಹಾಡಿದ್ದು. ಈಗ ನನ್ನ ದನಿ..."

ದನಿ ಸೀಳಿತು. ಮೂರನೇ ಸಾಲಿನ ಆಚೆಗೆ ಹೋಗಿರಲಿಕ್ಕಿಲ್ಲ.

"ಆವಾಜ್ ನಹೀ ಆ ರಹಾ!" ಎಂದರು ಒಬ್ಬರು.

"ಕೇಳ್ಸವಲ್ದ್ರೀ!" ಎಂದು ಹಿಂದಿನಿಂದ ಇನ್ನೊಬ್ಬರು.

ನನ್ನ ಕೋಪ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಕೈಯಲ್ಲಿದ್ದ ಸತ್ತ ಮೈಕಿಗೇ ಬಾಯಿಟ್ಟು ಕಿರುಚಿದೆ. "ಕೇಳಿಸುವುದಿಲ್ಲ ಅಂತಲೇ ಅಲ್ವಾ ಇಷ್ಟೆಲ್ಲ ನಾಟಕ ಮಾಡಿದ್ದು!"

ಅಷ್ಟರಲ್ಲಿ ಸಿದ್ದರಾಮ ಮೈಕ್ ಚಾಲೂ ಮಾಡಿದ್ದ. "ನಾಟಕ ಮಾಡಿದ್ದು" ಎನ್ನುವ ತುಂಡು ಮಾತ್ರ ಸ್ಪೀಕರಿನಲ್ಲಿ ದೊಡ್ಡದಾಗಿ, ಒಡೆದುಹೋಗಿ, ಗೋಡೆಗೆ ಬಡಿಯುವಂತೆ ಬಂತು. ಸಭೆ ತಟ್ಟನೆ ಸುಮ್ಮನಾಯಿತು.

ಈ ಒಡಕು ದನಿ ಬಚ್ಚಲಿನಿಂದ ಹೊರಗೆ ಅಷ್ಟು ದೊಡ್ಡದಾಗಿ ಬಂದದ್ದು ಅದೇ ಮೊದಲು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಹೇಳಿದೆ, "ನನಗೆ ಗಂಟಲಿನ ಆಪರೇಷನ್ ಆಗಿದೆ. ನೀವು ಇಷ್ಟೊತ್ತು ಕೇಳಿದ್ದು ಹೋದ ವರ್ಷದ ಸುಮತಿ. ಢೋಲಕಿನವರು ಮುಂಬ್ರಾದಲ್ಲಿ ಗಾಡಿಯಲ್ಲಿ ಕುಳಿತಿದ್ದಾರೆ. ಢೋಲಕ್ ಹಿಡಿದವರು ನಿಮ್ಮ ಕಾರ್ಯದರ್ಶಿ, ಅವರಿಗೆ ಬಾರಿಸಲಿಕ್ಕೆ ಬರುವುದಿಲ್ಲ. ಇಲ್ಲಿ ನಿಂತವಳಿಗೆ ಈಗ ಇರುವುದು ಈ ದನಿ. ಇದರಲ್ಲಿ ಹಾಡುತ್ತೇನೆ. ಬೇಡವಾದವರು ಹೊರಗೆ ಹೋಗಿ ಚಾ ಕುಡಿಯಬಹುದು."

ಯಾರೋ ನಕ್ಕರು. ಈ ಸಲದ ನಗೆ ಬೇರೆ ತರಹ ಇತ್ತು. ಹಿಂದಕ್ಕೆ ತಿರುಗಿದೆ. ಜಯರಾಮಣ್ಣ ಆಗಲೇ ಶ್ರುತಿ ಇಳಿಸಿಕೊಂಡು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಅವರ ಮುಖದ ಸಪ್ಪೆ ಎಲ್ಲಿಗೋ ಹೋಗಿತ್ತು.

ಹಾಡಿದೆ. ಸಿದ್ದರಾಮ ಹಿಂದೆ ನಿಂತುಕೊಂಡೇ ಮಿಕ್ಸರಿನ ಮೇಲೆ ಕೈಯಾಡಿಸುತ್ತಿದ್ದ. ಬೆಳಿಗ್ಗೆ ಇಡೀ ಹೊತ್ತು ಹೊಂದಿಸಿದ್ದನ್ನು ಬಿಟ್ಟು ಈ ದನಿಗೆ ಹೊಸದಾಗಿ ಹೊಂದಿಸುತ್ತಿದ್ದ. ಎರಡನೇ ಸಾಲಿಗೆ ನನ್ನ ದನಿ ನನಗೇ ಕೇಳಿಸತೊಡಗಿತು. ಮೇಲಿನ ಸ್ವರ ಬಂತು. ಸೀಳುತ್ತದೆ ಎಂದು ಗೊತ್ತಿತ್ತು, ಸೀಳಿತು. ನಿಲ್ಲಲಿಲ್ಲ, ಹಾಗೆಯೇ ದಾಟಿ ಮುಂದಿನ ಸಾಲಿಗೆ ಹೋದೆ. ಮುಗಿದಾಗ ಚಪ್ಪಾಳೆ ಬಿತ್ತು. ಕನಿಕರದ್ದೋ ಮೆಚ್ಚಿಕೆಯದ್ದೋ ನನಗೆ ತಿಳಿಯಲಿಲ್ಲ, ತಿಳಿಯುವ ಸ್ಥಿತಿಯಲ್ಲೂ ಇರಲಿಲ್ಲ. ವಿಠಲಣ್ಣ ಎದ್ದು, ಢೋಲಕ್ ಕಂಕುಳಲ್ಲಿ ಇಟ್ಟುಕೊಂಡು, ಸಭೆಗೆ ಕೈ ಮುಗಿದು ಒಳಗೆ ಹೋದರು. ಅವರಿಗೆ ನನಗಿಂತ ದೊಡ್ಡ ಚಪ್ಪಾಳೆ.

ಆಮೇಲೆ ಢೋಲಕ್, ಗಿಟಾರಿನವರು ಬಂದು ಸೇರಿಕೊಂಡರು. ಉಳಿದ ಹಾಡುಗಳನ್ನೂ ಹಾಡಿದೆ. ಕೆಲವು ಚೆನ್ನಾಗಿ ಬಂದವು, ಒಂದು ಪೂರ್ತಿ ಕೆಟ್ಟಿತು. ಮುಖ್ಯ ಅತಿಥಿಗಳು ಭಾಷಣದಲ್ಲಿ ಕೋಳ್‌ಸೇವಾಡಿಯವರನ್ನು ಎಬ್ಬಿಸಿ ಒಂದು ಸಲ ನನ್ನ ಕಾಲೆಳೆದರು. ನಗಬೇಕಾದ ಜಾಗದಲ್ಲಿ ನಾನೂ ನಕ್ಕೆ.

ಕಾರ್ಯಕ್ರಮ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ಗೇಟಿನ ಹತ್ತಿರ ಗಂಡನ ಫೋನಿಗೆ ಕಾಯುತ್ತ ನಿಂತಿದ್ದೆ. ಒಬ್ಬ ಹೆಂಗಸು ಬಂದು ಸ್ವಲ್ಪ ದೂರದಲ್ಲಿ ನಿಂತಳು. ನನ್ನಷ್ಟೇ ವಯಸ್ಸಿರಬಹುದು. ಹಣೆ ತುಂಬ ಕುಂಕುಮ, ಕತ್ತು ಮುಚ್ಚುವಂತೆ ಸೆರಗು ಸುತ್ತಿಕೊಂಡಿದ್ದಳು. ಪಕ್ಕದಲ್ಲಿದ್ದ ಹೆಣ್ಣುಮಗುವಿನ ಮುಖದಲ್ಲಿ ನೃತ್ಯದ ಬಣ್ಣ ಇನ್ನೂ ಹಾಗೆಯೇ ಇತ್ತು. ಹತ್ತಿರ ಬಂದು ಸೆರಗು ಸರಿಸಿ ಕತ್ತು ತೋರಿಸಿದಳು. ನನ್ನ ಕತ್ತಿನಲ್ಲಿದ್ದ ಗೆರೆಯೇ ಅಲ್ಲೂ ಇತ್ತು.

"ನಂದೂ ಕೊಯ್ದಾರ್ರಿ ಅಕ್ಕಾರ" ಎಂದಳು. ಪಿಸುಮಾತಿನಷ್ಟೇ ದನಿ. "ಕಳವಾದಾಗ ಸ್ಟೇಷನ್ ಬಾಜೂಕ ಕಾಯಿಪಲ್ಯೆ ಮಾರ್ತೀನಿ. ಮೊದಲ ನಾ ಒದರಿದ್ರ ಪ್ಲಾಟ್‌ಫಾರ್ಮಿನ ತನಕ ಕೇಳ್ತಿತ್ತು. ಈಗ ಒದರಂಗಿಲ್ಲ. ಸುಮ್ನ ಕುಂದರ್ತೀನಿ, ಗಿರಾಕಿ ಬಾಜೂದಾಕಿ ಕಡೆ ಹೋಗ್ತಾರ."

"ಡಾಕ್ಟರು ಕೂಗಬೇಡಿ ಅಂದಿದ್ದಾರಾ?" ಎಂದು ಕೇಳಿದೆ.

"ಇಲ್ಲರೀ. ಮಾತಾಡು, ಒದರು, ಏನೂ ಆಗಂಗಿಲ್ಲ ಅಂದಾರ. ನನಗಽ ಮನಸ್ಸಿಲ್ಲ. ಆ ದನಿ ಕೇಳಿದ್ರ ಯಾರೋ ಗಂಡಸು ಒದರಿದಂಗ ಆಗ್ತದ. ನಾಚಿಕಿ ಬರ್ತದ." ಸ್ವಲ್ಪ ತಡೆದು, "ನಿಮ್ಮದು ಪೂರಾ ಸರಿ ಆಗ್ಲಿಕ್ಕ ಇನ್ನಾ ಎಷ್ಟು ದಿನಾ ಬೇಕಂತ್ರಿ?" ಎಂದಳು.

ಸಮಾಧಾನದ ಮಾತು ಹೇಳಬಹುದಿತ್ತು. ಅವತ್ತಿನ ಮಟ್ಟಿಗೆ ಸುಳ್ಳು ಸಾಕಾಗಿತ್ತು.

"ಸರಿ ಆಗ್ಲಿಕ್ಕಿಲ್ಲಮ್ಮ" ಎಂದೆ. "ಇದು ಹೀಗೆಯೇ ಇರ್ತದೆ ಅಂತ ಕಾಣ್ತದೆ."

ಅವಳು ನನ್ನ ಮುಖವನ್ನೇ ನೋಡಿದಳು. ಬೇಜಾರು ಮಾಡಿಕೊಂಡಳೇನೋ ಎಂದುಕೊಂಡೆ. "ಹಂಗಂದ್ರ ಹಂಗಽ ಹಾಡಿದ್ರೇನು?" ಎಂದಳು.

"ಮತ್ತೆಂತ ಮಾಡುದು? ನೀವೇ ನೋಡಿದ್ರಲ್ಲ. ಎಲ್ಲಿ, ನೀವೂ ಒಂದು ಸಲ ಕೂಗಿ ನೋಡುವ."

"ಇಲ್ಲ್ಯಾ?" ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಇಷ್ಟ್ ಮಂದಿ ಅದಾರಲ್ರಿ!"

"ಅಷ್ಟು ಮಂದಿಯ ಮುಂದೆ ನನ್ನ ಮರ್ಯಾದೆ ಹೋಯ್ತಲ್ಲ, ನಿಮ್ಮದೂ ಸ್ವಲ್ಪ ಹೋಗಲಿ."

ಅವಳು ಅತ್ತ ಇತ್ತ ನೋಡಿದಳು. ಮಗುವಿನ ಕೈ ಬಿಟ್ಟಳು. ಸೊಂಟಕ್ಕೆ ಕೈ ಕೊಟ್ಟು, ಎದೆ ತುಂಬ ಉಸಿರೆಳೆದು, ಮಾರುಕಟ್ಟೆಯಲ್ಲಿ ಕೂಗುವ ಮರಾಠಿಯಲ್ಲೇ ಕೂಗಿದಳು.

"ಮೇಥೀ... ಕೋಥಿಂಬೀರ್..."

ಮೊದಲ ಪದ ಮಣ್ಣು ಕೆರೆದಂತೆ ಬಂತು. ಎರಡನೆಯದು ನಡುವೆ ಮುರಿದು, ಮತ್ತೆ ಎದ್ದು, ರಸ್ತೆಯವರೆಗೆ ಹೋಯಿತು. ಮಗು ಬೆಚ್ಚಿ ಅವಳನ್ನು ನೋಡಿತು. ಗೇಟಿನ ಆಚೆ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಮರಾಠಿ ಹೆಂಗಸು ನಿಂತು, ತಿರುಗಿ, ಅಂಗಡಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತ ಕೇಳಿದಳು.

"ಮೇಥೀ ಕಶೀ ದಿಲೀ?"

ಮೆಂತ್ಯ ಹೇಗೆ ಕೊಟ್ಟೆ ಎಂದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೆ ನಗುವೂ ಬಂತು, ಬೆಳಗಿನಿಂದ ಬರದೇ ಇದ್ದ ಅಳುವೂ ಬಂತು. "ಆಜ್ ನಾಹೀ ತಾಯೀ, ಉದ್ಯಾ ಕಳವ್ಯಾಲಾ ಯಾ" ಎಂದು ಅವಳು ಅದೇ ಒರಟು ದನಿಯಲ್ಲಿ, ಗಟ್ಟಿಯಾಗಿ ಉತ್ತರ ಕೊಟ್ಟಳು. ಇವತ್ತಿಲ್ಲ, ನಾಳೆ ಕಳವಾಕ್ಕೆ ಬನ್ನಿ ಎಂದು.

ಅವಳ ಹೆಸರು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಅವರ ಟೆಂಪೋದವರು ಕರೆದರು, ಮಗುವನ್ನು ಎಳೆದುಕೊಂಡು ಓಡಿದಳು.

ನಾನು ಈಗಲೂ ಹಾಡುತ್ತೇನೆ. ವೇದಿಕೆ ಹತ್ತುವ ದಿನ ಈಗಲೂ ಬೆಳಗಿನಿಂದ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಮೇಲಿನ ಸ್ವರ ಕೆಲವು ದಿನ ನಿಲ್ಲುತ್ತದೆ, ಹೆಚ್ಚಿನ ದಿನ ಸೀಳುತ್ತದೆ. ಆ ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಡೊಂಬಿವಲಿಯಿಂದ ಥಾಣೆಗೆ ಹೋಗುವಾಗ ಬೇಕೆಂದೇ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತುತ್ತೇನೆ. ಕಳವಾದಲ್ಲಿ ಗಾಡಿ ನಿಲ್ಲುವ ಅಷ್ಟು ಹೊತ್ತು, ಎಷ್ಟೇ ನೂಕುನುಗ್ಗಲಿರಲಿ, ಬಾಗಿಲ ಕಡೆ ಕಿವಿ ಕೊಟ್ಟು ನಿಲ್ಲುತ್ತೇನೆ. ಕೂಗುವವರು ಅಲ್ಲಿ ಎಷ್ಟೋ ಜನ. ಆ ಗದ್ದಲದಲ್ಲಿ ಒಮ್ಮೊಮ್ಮೆ ನಡುವೆ ಮುರಿದು ಮತ್ತೆ ಏಳುವ ಒಂದು ದನಿ ಕೇಳಿಸುತ್ತದೆ. ಅವಳದೇ ಇರಬೇಕು.